ಅಮ್ಮ ಉಜ್ಜಿಟ್ಟ ಡಾಲರ್‌ಗಳು

ಅಕ್ಟೋಬರ್ ೧೪, ಮಂಗಳವಾರ. ಬ್ಯೂಟ್, ಮೊಂಟಾನಾ

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳುವ ಧೈರ್ಯವೂ ಇಲ್ಲ.

ಅಪ್ಪ ಬಿಟ್ಟುಹೋದ ಹಳೇ ನೋಟು, ಬೆಳ್ಳಿ ಡಾಲರ್‌ಗಳಿಗೆ ಎಂಟು ಸಾವಿರ ಕೊಡುತ್ತೇನೆ ಅಂದಿದ್ದ ನಾಣ್ಯದ ವ್ಯಾಪಾರಿ ಹ್ಯಾಸ್ಕೆಲ್. ಹಿಮ ಬೀಳುವ ಮೊದಲು ಮನೆಗೆ ಹೊಸ ಹೀಟರ್ ಹಾಕಿಸೋಣ ಅಂತ ನಾನೂ ತಮ್ಮ ಲೈಲೂ ಕಾಯುತ್ತಿದ್ದೆವು. ಇವತ್ತು ಅವನು ದುಡ್ಡು ಹಿಡಿದು ಬಂದ. ಅಮ್ಮ ತಟ್ಟೆ ತಂದಿಟ್ಟಳು. ಡಾಲರ್‌ಗಳು ಫಳಫಳ, ನೋಟುಗಳು ಗರಿಗರಿ.

"ಟೂತ್‌ಪೇಸ್ಟ್ ಹಾಕಿ ಉಜ್ಜಿದೀನಪ್ಪ. ನೋಟು ತೊಳೆದು ಇಸ್ತ್ರಿ ಮಾಡಿದೀನಿ. ಕೊಳಕನ್ನ ಹೆಂಗೆ ಮಾರೋದು?"

ಹ್ಯಾಸ್ಕೆಲ್ ಒಂದು ಡಾಲರ್ ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟ. ಆಮೇಲೆ ನನ್ನನ್ನೂ ಲೈಲ್‌ನನ್ನೂ ಬಾಗಿಲಾಚೆ ಕರೆದು, "ಹಳೇ ನಾಣ್ಯ ಕೂಡಿಡೋರಿಗೆ ಆ ಹಳೇ ಕಪ್ಪೇ ಬೇಕು, ಉಜ್ಜಿದ್ಮೇಲೆ ಬರೀ ಬೆಳ್ಳಿ ತೂಕದ ರೇಟು. ಆ ನೋಟಂತೂ ಯಾರೂ ಮುಟ್ಟಲ್ಲ," ಅಂದ. ಎಲ್ಲ ಸೇರಿ ಆರುನೂರು ಕೊಟ್ಟ. ಲೈಲ್ ಮುಖ ಕೆಂಪಾಗಿತ್ತು. ಅಮ್ಮನಿಗೆ ಏನು ಅಂದುಬಿಡುತ್ತಾನೋ ಅಂತ ಅವನ ತೋಳು ಹಿಡಿದುಕೊಂಡೇ ಒಳಗೆ ಬಂದೆ.

"ಎಷ್ಟು ಬಂತೋ?" ಅಂದಳು ಅಮ್ಮ.

"ಎಂಟು ಸಾವಿರಾನೂ ಬಂತಮ್ಮ," ಅಂದ ಲೈಲ್.

"ನೋಡಿದ್ಯಾ? ನಿಮ್ಮಪ್ಪ ಒಂದಿನಾನೂ ಉಜ್ಜೋಕೆ ಬಿಡ್ಲಿಲ್ಲ."

ಹೀಟರ್‌ನವರಿಗೆ ಆಗಲೇ ಫೋನ್ ಮಾಡಿಬಿಟ್ಟಿದ್ದಾಳೆ. ಆ ದುಡ್ಡು ಹೊಂದಿಸಲು ಲೈಲ್ ತನ್ನ ಟ್ರಕ್ ಮಾರುತ್ತಾನಂತೆ. ಬೇಡ ಅಂದರೆ ಕೇಳುತ್ತಿಲ್ಲ. ಹಿಮ ಬಿದ್ದಮೇಲೆ ಟ್ರಕ್ ಇಲ್ಲದೆ ಅವನು ಕೆಲಸಕ್ಕೆ ಹೇಗೆ ಹೋಗುತ್ತಾನೋ.