ಸದ್ದಿಲ್ಲದ ಬೆಂಕಿ

ಹಡಪಸರ, ಪುಣೆ
೨೩ ಜುಲೈ ೨೦೨೫, ಬುಧವಾರ

ಪ್ರಿಯ ಮಂದಾರ,

ಹೆಸರು ಹಿಡಿದು ಕರೆದೆನೆಂದು ಗಾಬರಿಯಾಗಬೇಡಿ. ಎದುರಿಗೆ ಕರೆದರೆ ಅತ್ತೆಯವರು ಇವತ್ತಿಗೂ ಕಣ್ಣು ದೊಡ್ಡದು ಮಾಡುತ್ತಾರೆ, ಕಾಗದದಲ್ಲಿ ಕರೆದರೆ ಯಾರಿಗೂ ಕೇಳಿಸುವುದಿಲ್ಲ. ನಿಮ್ಮ ಕಾರ್ಖಾನೆಯ ಗೇಟಿನಲ್ಲಿ ಫೋನು ಕಿತ್ತುಕೊಳ್ಳುತ್ತಾರೆ, ಡಬ್ಬಿಯನ್ನು ಮಾತ್ರ ಬಿಡುತ್ತಾರೆ. ಮದುವೆಯಾದ ಹೊಸತರಲ್ಲಿ ಚಪಾತಿಯ ಕೆಳಗೆ ಚೀಟಿ ಇಟ್ಟು ಕಳಿಸುತ್ತಿದ್ದೆನಲ್ಲ, ಉಪ್ಪು ಹೆಚ್ಚಾಗಿದೆ, ಮೊಸರು ಹಾಕಿಕೊಳ್ಳಿ ಎಂದು. ಸಂಜೆ ಅದರ ಹಿಂಬದಿಯಲ್ಲಿ ನಿಮ್ಮ ಉತ್ತರ ಬರುತ್ತಿತ್ತು. ಇವತ್ತಿನದು ಚೀಟಿಯಲ್ಲ. ಮೊದಲು ಊಟ ಮುಗಿಸಿ, ಆಮೇಲೆ ಓದಿ.

ಡಬ್ಬಿಯಲ್ಲಿ ಹೆಸರುಬೇಳೆ ತೊವ್ವೆ, ರೊಟ್ಟಿ, ಶೇಂಗಾ ಚಟ್ನಿ ಇವೆ. ಅತ್ತೆಯವರ ಚಾತುರ್ಮಾಸದ ಶಾಕ ವ್ರತದಿಂದ ಮನೆಗೆ ಕಾಯಿಪಲ್ಯ ಬರುತ್ತಿಲ್ಲ, ನೀವೂ ಸುಮ್ಮನೆ ಉಣ್ಣುತ್ತಿದ್ದೀರಿ. ಈ ಸಲ ಅವರು ಮೌನವನ್ನೂ ಹಿಡಿದರು. ಸಂಜೆ ದೀಪ ಹಚ್ಚಿದ ಮೇಲೆ ಮರುದಿನ ನೀವು ಕಂಪನಿಯ ಬಸ್ಸು ಹತ್ತುವವರೆಗೆ ಒಂದು ಮಾತಿಲ್ಲ, ರವಿವಾರ ಇಡೀ ದಿನ ಮಾತಿಲ್ಲ. ವಯಸ್ಸಾದವರ ವ್ರತ, ಮಾಡಲಿ ಬಿಡು ಎಂದಿರಿ. ನಾನೂ ಬಿಟ್ಟೆ.

ಇವತ್ತು ಮೂರು ಗಂಟೆಗೆ ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಾರೆ. ನೀವು ಕೊನೆಯ ಹೇಳಿಕೆ ಕೊಡುತ್ತೀರಿ. ಫೆಬ್ರವರಿಯಲ್ಲಿ ಗೋದಾಮಿಗೆ ಬೆಂಕಿ ಬಿದ್ದದ್ದು ಕೆಲಸಗಾರ ಹಣಮಂತ್ರಾಯ ಬೀಡಿ ಸೇದಿದ್ದರಿಂದ, ಗಂಟೆ ಬಾರಿಸಿ ಉಳಿದವರ ಜೀವ ಕಾಪಾಡಿದ್ದು ಶಿಫ್ಟ್ ಇನ್‌ಚಾರ್ಜ್ ಮಂದಾರ ಎಂದು. ನೀವು ಹಾಗೆ ಹೇಳಿದಿರೆಂದರೆ ಹಣಮಂತ್ರಾಯನ ಸುಟ್ಟ ಕೈಗಳಿಗೆ ಪರಿಹಾರವಿಲ್ಲ, ಮೇಲಿಂದ ಕೇಸು, ಜೈಲಾದರೂ ಆಗಬಹುದು. ಇದನ್ನೆಲ್ಲ ಮೊನ್ನೆ ನೀವೇ ಹೇಳಿದಿರಿ, ಟಿ.ವಿ.ಯ ಕಡೆ ನೋಡುತ್ತ. ನನ್ನ ಕಡೆ ನೋಡಿ ಹೇಳಿದ್ದರೆ ಈ ಕಾಗದ ಬರೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ.

ಬೇರೆ ಗಂಡಂದಿರು ಹೆಂಡತಿಗೆ ಮಲ್ಲಿಗೆ ತಂದುಕೊಡುತ್ತಾರೆ, ನೀವು ನನಗೆ ಬೆಂಕಿ ತಂದುಕೊಟ್ಟಿರಿ. ಗೆಳತಿಯರ ಮುಂದೆ ಇದನ್ನು ಎಷ್ಟು ಸಲ ಹೇಳಿ ನಗಿಸಿದ್ದೇನೆ! ನಾನು ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮೇಲೆ ಸಿನೆಮಾಗಳಿಗೆ ಬೆಂಕಿ ಮಾಡುವ ಕೆಲಸ ಹಿಡಿದ ದಿನದಿಂದ ನೀವು ಕಂಡ ಬೆಂಕಿಯನ್ನೆಲ್ಲ ಫೋನಿನಲ್ಲಿ ಹಿಡಿದು ತಂದಿರಿ. ಗಲ್ಲಿಯ ಹೋಳಿ, ದೌಂಡ ಕಡೆ ಹೊಲಗಳಲ್ಲಿ ಸುಡುವ ಕಬ್ಬಿನ ಒಣಗರಿಯ ರವದಿ, ಕಮ್ಮಾರನ ಕುಲುಮೆ. ಆಮೇಲೆ ಫೋನನ್ನು ಬೂಟಿನೊಳಗೆ ಅಡಗಿಸಿಕೊಂಡು ಕಾರ್ಖಾನೆಯ ಬಾಯ್ಲರಿನ ಕಿಂಡಿಯೊಳಗಿನ ಉರಿಯನ್ನೂ ಹಿಡಿದು ತಂದಿರಿ. ಅದು ತಪ್ಪು ಎಂದು ನಾನು ಬೈದದ್ದು ಉಂಟು, ಬೈಯುತ್ತಲೇ ಆ ಕ್ಲಿಪ್ಪನ್ನು ಮತ್ತೆ ಮತ್ತೆ ನೋಡಿದ್ದೂ ಉಂಟು.

ಕಳೆದ ವರ್ಷ ನಮಗೆ ಆ ಸೂಪರ್‌ಹೀರೋ ಸಿನೆಮಾದ ಕೆಲಸ ಬಂದಾಗ ಮನೆಯಲ್ಲಿ ಎಷ್ಟು ಸಂಭ್ರಮ! ಉತ್ತರ ಯುರೋಪಿನ ಹಳೆಯ ಪುರಾಣದಲ್ಲಿ ಮುಸ್ಪೆಲ್‌ಹೈಮ್ ಎಂಬ ಬೆಂಕಿಯ ಲೋಕವೊಂದಿದೆ, ಜಗತ್ತು ಹುಟ್ಟುವ ಮೊದಲೇ ಅದು ಉರಿಯುತ್ತಿತ್ತು, ಅಲ್ಲಿಂದ ಹಾರಿದ ಕಿಡಿಗಳೇ ನಕ್ಷತ್ರಗಳಾದವು, ಕೊನೆಗೆ ಜಗತ್ತನ್ನು ಸುಡುವುದೂ ಅದೇ ಎಂದು ಅತ್ತೆಯವರಿಗೆ ಕಥೆ ಹೇಳಿದೆ. ಪುರಾಣದಿಂದ ಅದು ಕಾಮಿಕ್ಸಿಗೆ ಬಂತು, ಕಾಮಿಕ್ಸಿನಿಂದ ಸಿನೆಮಾಕ್ಕೆ. ಅಲ್ಲಿ ಯಾರ ಇರ್ತಾರ ಎಂದು ಕೇಳಿದರು. ಅಲ್ಲೇ ಹುಟ್ಟಿದವರು ಮಾತ್ರ, ಹೊರಗಿನವರು ಕಾಲಿಟ್ಟರೆ ಉಳಿಯುವುದಿಲ್ಲ ಎಂದೆ. "ಮತ್ತ ನಿಮ್ಮ ಹೀರೋ ಹೆಂಗ ನಡಕೋತ ಹೊಂಟಾನ? ಹೀರೋಗ ಚರ್ಮಾ ಇರೂದಿಲ್ಲೇನು?" ಎಂದರು. ನೀವು ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿರಿ.

ಆದರೆ ನನ್ನ ಬೆಂಕಿ ಸಿನೆಮಾದವರಿಗೆ ಒಪ್ಪಿಗೆಯಾಗಲಿಲ್ಲ. ಹೀರೋ ನಡೆಯುವ ಸೇತುವೆಯ ಕೆಳಗಿನ ಉರಿಯನ್ನು ಎಷ್ಟು ಸಲ ಮಾಡಿ ಕಳಿಸಿದರೂ ಕಡಲಾಚೆಯಿಂದ ಒಂದೇ ಉತ್ತರ, ಇದು ಕಂಪ್ಯೂಟರಿನ ಬೆಂಕಿ, ಇದಕ್ಕೆ ಹಸಿವಿಲ್ಲ. ನಾನು ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ ಒದ್ದಾಡುವುದನ್ನು ನೀವು ನೋಡಿದಿರಿ. ಆಗ ಫೆಬ್ರವರಿ ಬಂತು. ಗೋದಾಮು ಉರಿದ ಮರುದಿನ ನೀವು ಹೊಗೆಯ ವಾಸನೆಯ ಅಂಗಿಯಲ್ಲೇ ನನ್ನ ಮುಂದೆ ಕುಳಿತು, ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ ನಿನಗಾಗಿ ಸ್ವಲ್ಪ ಹಿಡಿದೆ ಎಂದು ಫೋನು ಕೊಟ್ಟಿರಿ. ಅರ್ಧ ನಿಮಿಷವೂ ಇಲ್ಲದ ಕ್ಲಿಪ್ಪು, ಫೋನಿನ ಸದ್ದು ಬಂದಾಗಿತ್ತು. ಬೆಂಕಿ ಮೊದಲು ನೆಲದ ಮೇಲೆ ನೀರಿನ ಹಾಗೆ ಹರಿಯುತ್ತದೆ, ಗೋಡೆ ಸಿಕ್ಕ ಮೇಲೆ ಎದ್ದು ನಿಲ್ಲುತ್ತದೆ. ಅಂಥದ್ದನ್ನು ನಾನು ನೋಡಿರಲಿಲ್ಲ.

ಸ್ಟುಡಿಯೋದವರು ಎಲ್ಲಿಯದು ಎಂದು ಕೇಳಿದಾಗ ಅಗ್ನಿಶಾಮಕದವರ ಕವಾಯತು ಎಂದು ಸುಳ್ಳು ಹೇಳಿದೆ. ಮಾದರಿಗೆಂದು ಒಳಗೆ ಬರುವ ಎಲ್ಲ ಕ್ಲಿಪ್ಪುಗಳ ಧ್ವನಿಯನ್ನು ನಮ್ಮಲ್ಲಿ ತೆಗೆದುಹಾಕುತ್ತಾರೆ. ಬೆಂಕಿ ಮಾಡುವವರಿಗೆ ಸದ್ದಿನ ಕೆಲಸವಿಲ್ಲ. ಮೂಲೆಯಲ್ಲಿ ಓಡುವ ಕಪ್ಪು ನೆರಳೊಂದಿತ್ತು, ಅಡ್ಡ ಬರುತ್ತದೆಂದು ಅದನ್ನು ಕತ್ತರಿಸಿದೆವು. ಉಳಿದ ಉರಿಯನ್ನು ನಾಲ್ಕು ತಿಂಗಳು ತಿರುಗಿಸಿ ಮುರುಗಿಸಿ ನೋಡಿದೆ. ಒಂದೊಂದು ನಾಲಗೆಯೂ ಬಾಯಿಪಾಠವಾಯಿತು. ಈ ಸಲ ಒಪ್ಪಿಗೆ ಬಂತು, ಹೊಗಳಿಕೆ ಬಂತು, ನನಗೆ ತಂಡದ ಮುಖ್ಯಸ್ಥೆಯ ಸ್ಥಾನ ಬಂತು. ಅದೇ ತಿಂಗಳು ನಿಮಗೆ ಕಂಪನಿಯವರು ಶಾಲು ಹೊದಿಸಿದರು. ಕಪಾಟಿನಲ್ಲಿ ನನ್ನ ರೇಷ್ಮೆ ಸೀರೆಯ ಮೇಲೆ ಆ ಶಾಲು ಇದೆ. ಉರಿಯುವ ಮನೆಯ ಗಳ ಹಿರಿದವರು ಎನ್ನುತ್ತಾರಲ್ಲ, ಅದು ನಾವಿಬ್ಬರೇ.

ನೀವು ಆ ಕ್ಲಿಪ್ಪು ಅಳಿಸಿಬಿಡು ಎಂದಿರಿ. ಅಳಿಸಿದೆ ಎಂದೆ. ನಿಮ್ಮ ಹೊಸ ಫೋನಿನಿಂದ ಅಳಿಸಿದ್ದು ನಿಜ, ನೀವು ಅದನ್ನು ಹಿಡಿದಿದ್ದ, ಈಗ ಮನೆಯಲ್ಲಿರುವ ಹಳೆಯ ಫೋನಿನಲ್ಲಿ ಅದು ಉಳಿದಿತ್ತು. ಎರಡು ವಾರದ ಹಿಂದೆ, ಆಷಾಢ ಏಕಾದಶಿಯ ದಿನ, ಅದು ಧ್ವನಿಯ ಸಮೇತ ಓಡಿತು. ಹೇಗೆ ಓಡಿತು ಎಂಬುದು ಈಗ ಬೇಡ.

ಅದರ ಶುರುವಿಗೆ ಗಂಟೆಯ ಸದ್ದಿಲ್ಲ, ಮಂದಾರ. ಗಂಟೆ ಬಾರಿಸಿದ ಮೇಲೆ ಹಿಡಿದದ್ದು ಎಂದಿದ್ದಿರಿ. ಮೊದಲು ಬುಸುಗುಟ್ಟುವ ಉರಿ. ಆಮೇಲೆ ಒಬ್ಬ ಮನುಷ್ಯ ಕೂಗುತ್ತಾನೆ, "ಮಂದಾರ ಸಾಹೇಬ್ರ! ಗಂಟಿ ಹೊಡಿರ್ರೀ! ನಿಮ್ಮ ಬಾಜೂಕ ಅದ ನೋಡ್ರಿ!" ಮತ್ತೆ ಕೂಗುತ್ತಾನೆ. ಮೂರನೆಯ ಸಲ ಬರೀ "ಸಾಹೇಬ್ರ" ಅಷ್ಟೇ. ಆಮೇಲೆ ನಾವು ಕತ್ತರಿಸಿ ಎಸೆದ ಆ ನೆರಳು ಬಾಗಿಲಿನ ಕಡೆಯಿಂದ ಓಡಿಬಂದು, ಉರಿಯ ಅಂಚಿನಲ್ಲೇ ಹಾದು, ಕಂಬದ ಮೇಲಿನ ಗಂಟೆಯ ಪೆಟ್ಟಿಗೆಯ ಗಾಜನ್ನು ಕೈಯಿಂದ ಒಡೆಯುತ್ತದೆ. ಗಂಟೆ ಬಾರಿಸುತ್ತದೆ. ಅಲ್ಲಿಗೆ ಕ್ಲಿಪ್ಪು ಮುಗಿಯುತ್ತದೆ.

ಅಷ್ಟು ಹೊತ್ತೂ ನಿಮ್ಮ ಕೈ ಅಲುಗಿಲ್ಲ. ಸ್ಟುಡಿಯೋದಲ್ಲಿ ಎಲ್ಲರೂ ಅದನ್ನೇ ಹೊಗಳಿದ್ದರು, ಕ್ಯಾಮೆರಾ ಎಷ್ಟು ಸ್ಥಿರವಾಗಿದೆ ನೋಡಿ ಎಂದು. ಆ ಗಳಿಗೆಯಲ್ಲಿ ನೀವು ನನ್ನನ್ನು ನೆನೆಯುತ್ತಿದ್ದಿರಿ ಎಂಬುದು ಗೊತ್ತು. ಇವಳಿಗೆ ಇದು ಬೇಕು, ಇವಳು ನಿದ್ದೆ ಮಾಡಿಲ್ಲ ಎಂದುಕೊಂಡು ನಿಂತಿರಿ. ಅಂಥ ಪ್ರೀತಿಯನ್ನು ಎಲ್ಲಿ ಇಟ್ಟುಕೊಳ್ಳಲಿ ನಾನು?

ಇನ್ನೊಂದು ಮಾತು. ಬೆಂಕಿ ಎಲ್ಲಿ ಹುಟ್ಟಿತು ಎಂಬುದು ಆ ಚಿತ್ರದಲ್ಲಿ ಸ್ಪಷ್ಟವಾಗಿದೆ. ಬಾಗಿಲ ಹತ್ತಿರ ಅಲ್ಲ, ಪಂಪಿನ ಪಕ್ಕದ ಪೈಪಿನ ಜೋಡಣೆಯ ಕೆಳಗೆ. ಆ ಜೋಡಣೆಯಿಂದ ಬೇಗ ಹೊತ್ತಿಕೊಳ್ಳುವ ದ್ರಾವಕ ಸೋರುತ್ತಿದೆ ಎಂದು ಹಣಮಂತ್ರಾಯ ನಿಮಗೆ ಹೇಳಿದ್ದ, ನೀವು ಮ್ಯಾನೇಜರಿಗೆ ಹೇಳಿದಿರಿ, ತಿಂಗಳ ಉತ್ಪಾದನೆ ಮುಗಿಯಲಿ ಎಂದು ಅವರು ತಳ್ಳಿಹಾಕಿದರು. ಆಗ ಮನೆಗೆ ಬಂದು ಅವರನ್ನು ಬೈದವರು ನೀವೇ. ಬೀಡಿಯ ಕಥೆ ಕಟ್ಟಿದವರೂ ಆ ಮ್ಯಾನೇಜರೇ. ಹೆಸರು ಹರಿಶ್ಚಂದ್ರ ಬೇರೆ! ನೀವು ಅದಕ್ಕೆ ಹೂಂ ಎಂದು ತಲೆ ಅಲ್ಲಾಡಿಸಿದಿರಿ. ಫೋನಿನ ವಿಷಯ ಹೊರಬಂದೀತೆಂಬ ಹೆದರಿಕೆಯಿಂದಲೇ ಅಲ್ಲಾಡಿಸಿದಿರಿ.

ಕಳೆದ ಶನಿವಾರ ತುಳಸಿಬಾಗ ಪೇಟೆಗೆ ಹೋಗಿ ಬರುತ್ತೇನೆ ಎಂದವಳು ನಾನು ಕುರಕುಂಭಕ್ಕೆ ಬಂದಿದ್ದೆ. ನಿಮ್ಮ ಕಾರ್ಖಾನೆಯ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ ಹಣಮಂತ್ರಾಯನ ಮನೆ ಹುಡುಕಿದೆ. ಇಷ್ಟು ವರ್ಷ ಅವನಿಗೆಂದು ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇಟ್ಟು ಕಳಿಸಿದ್ದೇನೆ, ಮುಖ ನೋಡಿದ್ದು ಅವತ್ತೇ. ಸುರಪುರದ ಕಡೆಯವನು, ಸುತ್ತಲಿನ ಮರಾಠಿಯ ನಡುವೆ ಕನ್ನಡದ ಸಾಹೇಬರು ಸಿಕ್ಕರೆಂದು ನಿಮ್ಮ ಹಿಂದೆ ಹಿಂದೆಯೇ ತಿರುಗುತ್ತಾನೆ ಎಂದು ನೀವು ಹೇಳುತ್ತಿದ್ದವನು. ಅವನ ಹೆಂಡತಿ ಯಂಕವ್ವ ಅನ್ನ ಕಲೆಸಿ ಅವನ ಬಾಯಿಗೆ ಇಡುತ್ತಿದ್ದಳು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸುವುದಕ್ಕೆ ಮತ್ತೆ ಕುಯ್ಯಬೇಕಂತೆ.

ಯಾರ ಮನೆಯವಳು ಎಂದು ಹೇಳಿದ ಕೂಡಲೇ ಅವನು ಏಳಲು ನೋಡಿದ. ಶೇಂಗಾ ಚಟ್ನಿ ಭಾಳ ಚಲೋ ಇರ್ತಿತ್ರೀ ಅವ್ವಾರ ಎಂದ. ಆಮೇಲೆ ಕೇಳಿದ್ದು, ಸಾಹೇಬರು ಅರಾಮ ಅದಾರೇನ್ರಿ ಎಂದು. ಗಂಟೆಯ ಮಾತು ನಾನೇ ತೆಗೆದೆ. ಅವನು ಹೆಂಡತಿಯ ಕಡೆ ನೋಡಿ ದನಿ ಇಳಿಸಿದ. "ಸಾಹೇಬ್ರು ಹೆದರಿ ನಿಂತುಬಿಟ್ಟಿದ್ರು ಬಿಡ್ರಿ. ಮನಶ್ಯಾ ಅಂದಮ್ಯಾಲ ಹೆದರಿಕಿ ಇರ್ತದ. ಅದನ್ನ ನಾ ಯಾರ ಮುಂದೂ ಹೇಳಿಲ್ರಿ, ಅವರ ಮರ್ಯಾದಿ ಹೋಗ್ತದ." ನೀವು ಫೋನು ಹಿಡಿದಿದ್ದು ಅವನಿಗೆ ಗೊತ್ತೇ ಇಲ್ಲ. ಹೊಗೆಯಲ್ಲಿ ಕಂಡಿಲ್ಲ. ಬೀಡಿ ಸೇದಿಲ್ಲ ಎಂದು ಮಾತ್ರ ಹೇಳುತ್ತಿದ್ದಾನೆ, ಅದನ್ನು ಯಾರೂ ನಂಬುತ್ತಿಲ್ಲ. ಯಂಕವ್ವ ಬಾಗಿಲವರೆಗೆ ಬಂದು, ಸಾಹೇಬರು ಒಂದು ಮಾತು ಹೇಳಿದರೆ ನಾವು ಬದುಕುತ್ತೇವೆ ಎಂದಳು. ನಾನು ಬಸ್ಸಿನಲ್ಲಿ ಅಳುತ್ತ ಬಂದೆ. ನೀವು ಕಣ್ಣು ಕೆಂಪಾಗಿದೆಯಲ್ಲ ಎಂದಾಗ ಧೂಳು ಎಂದೆ.

ಎರಡು ವಾರದಿಂದ ನೀವಾಗಿಯೇ ಹೇಳುತ್ತೀರೆಂದು ಕಾದೆ. ಹೇಳಲಿಲ್ಲ. ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಭಯವಾಗಿದೆ. ನಿಮ್ಮ ಕೆಲಸ ಹೋಗುತ್ತದೆ, ಕೇಸು ನಿಮ್ಮ ಮೇಲೂ ಆದೀತು. ನನ್ನ ಸುಳ್ಳಿಗೆ ಸ್ಟುಡಿಯೋದವರು ನನ್ನನ್ನೂ ಹೊರಗೆ ಹಾಕಿಯಾರು. ಎಲ್ಲ ಯೋಚಿಸಿದ್ದೇನೆ. ವಕೀಲರನ್ನು ಹಿಡಿಯೋಣ, ಸಣ್ಣ ಮನೆಗೆ ಹೋಗೋಣ, ಚಾಕಣದ ಕಾರ್ಖಾನೆಗಳಲ್ಲಿ ಎಲ್ಲಿಯಾದರೂ ಕೆಲಸ ಹುಡುಕೋಣ. ಅಷ್ಟಕ್ಕೂ ನಿಮ್ಮ ಪಕ್ಕದಲ್ಲಿ ನಾನಿರುತ್ತೇನೆ. ಆದರೆ ಮೂರು ಗಂಟೆಗೆ ನೀವು ಬೀಡಿಯ ಮಾತು ಹೇಳಿ ಹೊರಗೆ ಬಂದರೆ ಇರಲಾರೆ.

ಇವತ್ತು ರಜೆ ಹಾಕಿದ್ದೇನೆ. ಸ್ವಾರಗೇಟಿನಿಂದ ಸೊಲ್ಲಾಪುರದ ಬಸ್ಸು ಹಿಡಿದು ಮೂರಕ್ಕೆ ಮೊದಲೇ ನಿಮ್ಮ ಗೇಟಿಗೆ ಬರುತ್ತೇನೆ, ಹಳೆಯ ಫೋನು ನನ್ನ ಚೀಲದಲ್ಲಿರುತ್ತದೆ. ನೀವೇ ಹೊರಗೆ ಬಂದು ಅದನ್ನು ಕೇಳಿ ತೆಗೆದುಕೊಂಡು ಹೋಗಿ ಇನ್ಸ್‌ಪೆಕ್ಟರ ಮುಂದೆ ಇಡಬೇಕು ಎಂಬುದು ನನ್ನ ಆಸೆ. ಬರದಿದ್ದರೆ ನಾನೇ ಒಳಗೆ ಕಳಿಸುತ್ತೇನೆ. ಹೆದರಿಸುವುದಕ್ಕಲ್ಲ, ಮೊದಲೇ ತಿಳಿಸಿ ಮಾಡಬೇಕೆಂದು ಬರೆದಿದ್ದೇನೆ.

ಸಿನೆಮಾದಲ್ಲಿ ಹೀರೋ ಆ ಬೆಂಕಿಯನ್ನು ದಾಟಿ ಆಚೆ ದಡಕ್ಕೆ ಹೋಗುತ್ತಾನೆ, ಮೈಯ ಮೇಲೆ ಒಂದು ಕಲೆಯೂ ಇಲ್ಲ. ಮಾಡಿದವಳು ನಾನೇ. ಹೀರೋಗ ಚರ್ಮಾ ಇರೂದಿಲ್ಲೇನು ಎಂದು ಅತ್ತೆಯವರು ಅವತ್ತೇ ಕೇಳಿದ್ದರು.

ಡಬ್ಬಿ ತೊಳೆಯದೆ ತನ್ನಿ, ಪರವಾಗಿಲ್ಲ.

ಇನ್ನೂ ನಿಮ್ಮವಳೇ ಆದ,
ನೀಲಿಮಾ

ತಾ.ಕ.: ಆ ಕ್ಲಿಪ್ಪಿನ ಸದ್ದು ಮೊದಲು ಕೇಳಿದವಳು ನಾನಲ್ಲ. ಏಕಾದಶಿಯ ಮಧ್ಯಾಹ್ನ, ನೀವು ಹೊರಗೆ ಹೋಗಿದ್ದಾಗ, ಹಳೆಯ ಫೋನಿನಲ್ಲಿ ದೇವರ ಹಾಡು ಹುಡುಕುವಾಗ ಅತ್ತೆಯವರ ಬೆರಳು ಅದರ ಮೇಲೆ ಬಿತ್ತು. ನಾನು ಅಡುಗೆಮನೆಯಿಂದ ಓಡಿಬಂದಾಗ ಅವರು ಫೋನನ್ನು ಕಿವಿಗೆ ಒತ್ತಿಕೊಂಡು, "ಯಾರೋ ನಮ್ಮ ಮಂದಾರನ್ನ ಒದರ್ಲಿಕತ್ತಾರಲ್ಲ ನೀಲಿಮಾ, ಇಂವ ಯಾಕ ಓ ಅನವಲ್ಲ?" ಎಂದರು. ಮತ್ತೆ ಹಾಕಲು ಹೇಳಿದರು, ಪೂರ್ತಿ ಕೇಳಿದರು, ಎದ್ದು ದೇವರ ಮನೆಗೆ ಹೋದರು. ಆ ಸಂಜೆಯಿಂದ ಅವರು ಹಿಡಿದಿರುವುದು ವ್ರತವಲ್ಲ. ನೀವು ಬಸ್ಸು ಹತ್ತಿದ ಮೇಲೆ ನನ್ನೊಂದಿಗೆ ಎಂದಿನಂತೆ ಮಾತಾಡುತ್ತಾರೆ. ಇವತ್ತು ಅವರೂ ನನ್ನ ಜೊತೆ ಬರುತ್ತಿದ್ದಾರೆ, ಮಂಡಿನೋವು ಎಂದರೂ ಕೇಳಲಿಲ್ಲ. ಗೇಟಿನಲ್ಲಿ ಅವರನ್ನು ಕಂಡು ನೀವೇ ಮೊದಲು ಮಾತಾಡಿಸಲು ಹೋಗಬೇಡಿ. ಇಂವ ಆ ಮನಶ್ಯಾಗ ಓ ಅಂದಮ್ಯಾಲ ನಾ ಇವಗ ಓ ಅಂತೀನಿ ಎಂದಿದ್ದಾರೆ.