ಒದ್ದೆ ಬ್ರಷ್

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ, ಟೆನ್ಷನ್ ಬೇಡ. ನಿನ್ನೆ ಡೆಂಟಲ್ ಕಾಲೇಜಿನಿಂದ ಶಿಶುವಿಹಾರಕ್ಕೆ ಹೋಗಿ, ಪ್ಲಾಸ್ಟಿಕ್ ದವಡೆ ಹಿಡಿದು ಹಲ್ಲುಜ್ಜುವುದನ್ನು ಮಕ್ಕಳಿಗೆ ತೋರಿಸಿದೆ. ಆಮೇಲೆ "ಎಲ್ರೂ ಆ ಅನ್ನಿ" ಎಂದರೆ ಒಬ್ಬರೂ ಬಾಯಿ ತೆರೆಯಲಿಲ್ಲ. ಎರಡು ಜಡೆಯ ಪುಟಾಣಿಯೊಬ್ಬಳು, "ಮೊದ್ಲು ನಿಮ್ದು ತೋರ್ಸಿ, ಅಕ್ಕಾ" ಎಂದಳು. ತೋರಿಸಿದೆ.

"ಅಯ್ಯೋ, ಅಕ್ಕನ ಹಲ್ಲಲ್ಲೇ ತೂತು!"

ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಬ್ರಷ್ ಒದ್ದೆಯಿದೆಯೇ ಎಂದಷ್ಟೇ ಮುಟ್ಟಿ ನೋಡುತ್ತಿದ್ದರು. ಸಾರಿ ಅಮ್ಮ, ಅಷ್ಟು ವರ್ಷ ನಾನು ಬ್ರಷ್ಷಿಗೆ ಮಾತ್ರ ಸ್ನಾನ ಮಾಡಿಸಿದ್ದೇನೆ.

ಶುಕ್ರವಾರ ಮಕ್ಕಳ ಹಲ್ಲು ನೋಡಲೇಬೇಕು. "ತೂತು ಮುಚ್ಚಿಸ್ಕೊಂಡ್ ಬಂದ್ರೆ ಮಾತ್ರ ತೋರಿಸ್ತೀವಿ" ಎಂದು ಆ ಪುಟಾಣಿಗಳೆಲ್ಲ ಹೇಳಿಬಿಟ್ಟಿದ್ದಾರೆ. ಗುರುವಾರ ಹತ್ತಕ್ಕೆ ನಮ್ಮ ಕಾಲೇಜಿನಲ್ಲೇ ಫಿಲ್ಲಿಂಗ್. ಹಲ್ಲು ಕೊರೆಯುವ ಆ ಮೆಷೀನಿನ ಸದ್ದು ಕೇಳಿದರೇ ನನಗೆ ಎದ್ದು ಓಡಿಹೋಗಬೇಕು ಅನ್ನಿಸುತ್ತದೆ. ಬಂದು ಕೈ ಹಿಡಿದುಕೊಳ್ಳುತ್ತೀಯಾ, ಪ್ಲೀಸ್? ಕ್ಲಾಸ್‌ಮೇಟ್ಸ್ ಕೇಳಿದರೆ, "ಪೇಶೆಂಟ್ ನಾನೇ" ಅಂದುಬಿಡು.

ಇಂತಿ,
ಮುಂದೆ ಡಾಕ್ಟರಾಗಲಿರುವ ನಿನ್ನ ಮಗಳು