ಗಜದಾಟದ ಸೂರು

ಫೆಬ್ರವರಿ ೩೦, ೨೬೧೧
ಕೋಲಾರದ ಕೆಳಗಣ ಊರು, ಐದನೆಯ ಹಂತ

ಹಿಂದಣ ಕಾಲದವರೇ,

'ಕಳಿಸಿದವನಿಗೇನು ಗೊತ್ತು ಒಯ್ದವನ ದಾರಿ' ಎಂಬ ಸಾಲೊಂದು ಎರಡು ದಿನದಿಂದ ತಲೆಯೊಳಗೆ ಸುಳಿಯುತ್ತಿದೆ. ಎಂ.ಎ. ಓದುವಾಗ ನಿಮ್ಮ ಕಾಲದ ಯಾವುದೋ ಕವಿತೆಯಲ್ಲಿ ಕಂಡದ್ದು. ಮುಂದಿನ ಸಾಲು ಮರೆತುಹೋಗಿದೆ. ಆ ವಯಸ್ಸಿನಲ್ಲಿ ಓದಿದ ಕೂಡಲೇ ಒಪ್ಪಿಕೊಂಡಿದ್ದೆ. ಈಗ ಅಷ್ಟು ಸುಲಭವಾಗಿ ಒಪ್ಪಲಾಗುತ್ತಿಲ್ಲ. ದಾರಿ ಗೊತ್ತಿಲ್ಲದೆ ಯಾರಾದರೂ ಏನನ್ನಾದರೂ ಕಳಿಸುವುದು ಹೇಗೆ? ಇನ್ನು, ಒಯ್ಯುವವನಿಗಾದರೂ ದಾರಿ ಮೊದಲೇ ಗೊತ್ತಿರುತ್ತದೆಯೆ?

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ಹಬ್ಬಗಳು. ನಾನು ಬರೆಯುತ್ತಿರುವ ಕನ್ನಡ ನಿಮ್ಮ ಪುಸ್ತಕಗಳಿಂದ ಕಲಿತದ್ದು. ನಾವು ಆಡುವ ಮಾತು ಎಷ್ಟೋ ಬದಲಾಗಿದೆ, ಹಾಗಾಗಿ ನಮ್ಮವರ ಮಾತುಗಳನ್ನು ನಿಮ್ಮ ಕಾಲದ ಕೋಲಾರದ ಬಾಯಿಗೆ ಹೊಂದಿಸಿ ಕೊಡುತ್ತೇನೆ. ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಈ ಬರಹಕ್ಕೆ ಇಲ್ಲಿ 'ಹಿಂದೋಲೆ' ಎನ್ನುತ್ತಾರೆ. ಊರಿನ ವಿಷಯಕ್ಕೆ ತೀರ್ಪು ಕೊಡುವವರು ಅದನ್ನು ಸಾರುವ ಮುಂಚೆ, ನಮ್ಮ ಜಗಳಗಳ ಗಂಧವೇ ಇಲ್ಲದ ಹಿಂದಿನ ಕಾಲದವರಿಗೆ ಎಲ್ಲವನ್ನೂ ಬಿಡಿಸಿ ಬರೆಯಬೇಕು. ಉತ್ತರ ಬರುವುದಿಲ್ಲ. ಆದರೆ ಗೊತ್ತಿಲ್ಲದವರಿಗೆ ಹೇಳುವಾಗ ನಮ್ಮ ಕಾರಣಗಳಲ್ಲಿ ಯಾವುದು ಟೊಳ್ಳು ಎಂದು ನಮಗೇ ಕೇಳಿಸುತ್ತದೆ.

ನಿಮ್ಮ ಕಾಲದಲ್ಲಿ ಮುಚ್ಚಿಹೋಗಿದ್ದ ಚಿನ್ನದ ಗಣಿಯ ಮೇಲಿನ ಹಂತಗಳಲ್ಲಿ ನಾವಿದ್ದೇವೆ. ವರ್ಷದ ಬಹುಪಾಲು ನೆಲದ ಮೇಲೆ ನಿಲ್ಲಲಾಗದಷ್ಟು ಬಿಸಿಲು. ತೀರಾ ಕೆಳಗಿಳಿದರೆ ಬಂಡೆಯೇ ಬಿಸಿ. ನಡುವೆ ಬದುಕಲು ತಕ್ಕ ಒಂದಿಷ್ಟು ತಂಪು ಸಿಕ್ಕಿದೆ. ಮೇಲಿನಿಂದ ಕೊಳವೆಗಳಲ್ಲಿ ಇಳಿಸುವ ಗಾಳಿಗೆ ಇಳಿಗಾಳಿ ಎನ್ನುತ್ತೇವೆ. ಅದು ಬೀಸುವ ಕಡೆ ಹೆಂಗಸರು ಒದ್ದೆ ಸೀರೆ ಒಣಹಾಕಿ ಓಣಿಯನ್ನೆಲ್ಲ ತಂಪು ಮಾಡುತ್ತಾರೆ. ದೀಪಗಳನ್ನು ಮೆಲ್ಲಗೆ ಮಂಕಾಗಿಸಿದರೆ ಸಂಜೆಯಾಯಿತು ಎಂದರ್ಥ. ದೀಪದ ಬೆಳಕಿನಲ್ಲೇ ರಾಗಿ ಬೆಳೆಯುತ್ತೇವೆ, ಮುದ್ದೆ ಈಗಲೂ ಇದೆ, ಸಾರು ಮಾತ್ರ ಬಹುತೇಕ ಅಣಬೆಯದು. ಅವರೆಕಾಯಿ ಚಳಿಗಾಲದಲ್ಲಿ ಮಾತ್ರ ಮೇಲಿನಿಂದ ಬರುತ್ತದೆ. ಬಂದ ದಿನ ಲಿಫ್ಟಿನ ಬಾಗಿಲಲ್ಲಿ ನೂಕುನುಗ್ಗಲು.

ಸಂಜೆಗಳಲ್ಲಿ ನಮಗಿರುವುದು ಗಜದಾಟ. ನಿಮ್ಮ ಅಮೆರಿಕದವರ ಫುಟ್‌ಬಾಲಿನ ಹಳೆಯ ಚಿತ್ರಗಳನ್ನು ನೋಡಿ ನಮ್ಮ ಹಿರಿಯರು ಕಟ್ಟಿಕೊಂಡದ್ದು. ನಾಲ್ಕು ಸರದಿಯೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ನೀವು ಕ್ವಾರ್ಟರ್‌ಬ್ಯಾಕ್ ಎನ್ನುತ್ತಿದ್ದವನು ನಮ್ಮ ಎಸೆಗಾರ: ಆಟ ಹೂಡುತ್ತಾನೆ, ದೂರದ ಜೊತೆಗಾರನಿಗೆ ಚೆಂಡೆಸೆಯುತ್ತಾನೆ. ರನ್ನಿಂಗ್ ಬ್ಯಾಕ್ ಎಂದರೆ ನಮ್ಮಲ್ಲಿ ನುಗ್ಗುಗಾರ: ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಎದುರಾಳಿಗಳ ಗುಂಪಿನೊಳಕ್ಕೇ ನುಗ್ಗುತ್ತಾನೆ. ಇಬ್ಬರಲ್ಲಿ ಯಾರ ಬೆಲೆ ಹೆಚ್ಚು ಎಂದು ನೀವೂ ಜಗಳವಾಡುತ್ತಿದ್ದಿರಂತೆ. ನಮ್ಮಲ್ಲಿ ಆ ಜಗಳಕ್ಕೆ ಒಂದು ಸೂರೂ ಇದೆ. ನಮ್ಮ ಆಟದ ಗುಹೆಯ ಸೂರು ತಗ್ಗು. ಚೆಂಡು ಸೂರಿಗೆ ತಗುಲಿದರೆ ಸರದಿ ಹೋಯಿತು. ಆದ್ದರಿಂದ ಎಸೆತ ಕಡಿಮೆ, ನುಗ್ಗುವುದೇ ಹೆಚ್ಚು. ಹಟ್ಟಿ ಚಿನ್ನದ ಗಣಿಯ ಕೆಳಗಣ ಊರಿನವರ ಗುಹೆ ಎತ್ತರ. ಅಲ್ಲಿಗೆ ಹೋದಾಗಲೆಲ್ಲ ಸೋತು ಬರುತ್ತೇವೆ. ಈಗ ಬಂಡೆ ಕೊರೆಯುವ ಯಂತ್ರ ಊರಿಗೆ ಬಂದಿದೆ. ನಾಡಿದ್ದು ಹೊರಟರೆ ಮತ್ತೆ ಯಾವ ಕಾಲಕ್ಕೋ. ಸೂರು ಎತ್ತರಿಸಬೇಕೇ ಬೇಡವೇ ಎಂಬುದು ಪ್ರಶ್ನೆ. ಮೂವರು ತೀರ್ಪುಗಾರರಲ್ಲಿ ಒಬ್ಬರು ಹೌದೆಂದಿದ್ದಾರೆ, ಒಬ್ಬರು ಬೇಡವೆಂದಿದ್ದಾರೆ. ಮೂರನೆಯವಳು ನಾನು, ಇಲ್ಲಿನ ಶಾಲೆಯಲ್ಲಿ ಪಾಠ ಹೇಳುವವಳು.

ನಮ್ಮ ತಂಡದ ಎಸೆಗಾರ ಬೈರಣ್ಣ, ನುಗ್ಗುವವಳು ಗಂಗುಲಮ್ಮ, ನನ್ನ ಪಕ್ಕದ ಮನೆಯ ಅಕ್ಕಯ್ಯಮ್ಮನ ಮಗಳು. ಸೂರು ಎತ್ತರವಾದರೆ ಆಟ ಬೈರಣ್ಣನದಾಗುತ್ತದೆ, ಗಂಗುಲಮ್ಮನಿಗೆ ಚೆಂಡು ಸಿಗುವುದು ಅಪರೂಪವಾಗುತ್ತದೆ. ಮೊನ್ನೆ ಕ್ಷೌರದ ಪಿಳ್ಳಪ್ಪನ ಅಂಗಡಿಯ ಮುಂದೆ ಹಾಯುವಾಗ ಇದೇ ವಾದ ನಡೆದಿತ್ತು. ಕುರ್ಚಿಯಲ್ಲಿ ದೀಪ ನೋಡಿಕೊಳ್ಳುವ ಮುನಿಶಾಮಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ.

"ಇಡೀ ಆಟ ಬೈರಣ್ಣನ ತಲೇಲಿ ಐತೆ ಕಣೋ," ಎಂದು ಪಿಳ್ಳಪ್ಪ ಕತ್ತಿ ಆಡಿಸುತ್ತಿದ್ದ. "ಗಂಗುಲಮ್ಮ ಇಲ್ದಿದ್ರೆ ಇನ್ನೊಬ್ಳು ಓಡ್ತಾಳೆ. ಬೈರಣ್ಣ ಇಲ್ದಿದ್ರೆ ಯೋಚ್ನೆ ಮಾಡೋರು ಯಾರು, ನೀನಾ?"

"ನಾಲ್ಕನೇ ಸರದೀಲಿ ಒಂದೇ ಒಂದ್ ಗಜ ಬೇಕಾದಾಗ ಎಲ್ಲಿರ್ತಾನೆ ನಿನ್ನ ಬೈರಣ್ಣ? ಚೆಂಡು ಅವಳ ಹೊಟ್ಟೆಗಿಟ್ಟು ಪಕ್ಕಕ್ಕೆ ಸರ್ಕೊಂತಾನೆ. ಮೊದ್ಲು ಇನ್ನೊಂದು ಕೆನ್ನೆ ಮುಗ್ಸಪ್ಪ, ಈ ಮಕ ಇಟ್ಕೊಂಡು ವಾದ ಮಾಡಾಕೂ ಆಗಲ್ಲ."

ನನ್ನ ಮನಸ್ಸು ಮುನಿಶಾಮಿಯ ಕಡೆಗಿತ್ತು. ಆದರೂ ನೋಡದೆ ಹೇಳಬಾರದೆಂದು ಅಭ್ಯಾಸದ ಹೊತ್ತಿಗೆ ಗುಹೆಗೆ ಹೋದೆ. ಕೂತು ನೋಡಿದ ಮೇಲೆ ಪ್ರಶ್ನೆಯೇ ಬೇರೆಯಾಯಿತು. ಬೈರಣ್ಣ ಎಸೆಯುವವನಂತೆ ಕೈ ಎತ್ತುತ್ತಾನೆ. ಎದುರಾಳಿಗಳ ಕಣ್ಣೆಲ್ಲ ಮೇಲಕ್ಕೆ. ಅಷ್ಟರಲ್ಲಿ ಚೆಂಡಿನೊಂದಿಗೆ ಗಂಗುಲಮ್ಮ ಅವರ ನಡುವೆಯೇ ತೂರಿ ಹೋಗಿರುತ್ತಾಳೆ. ಮುಂದಿನ ಸರದಿಯಲ್ಲಿ ಎಲ್ಲರೂ ಅವಳ ಮೇಲೆ ಬೀಳುತ್ತಾರೆ. ಚೆಂಡು ಮಾತ್ರ ಅವರ ತಲೆಯ ಮೇಲೆ, ಸೂರಿಗೆ ಒಂದು ಗೇಣು ಕೆಳಗೆ ಹಾರುತ್ತಿರುತ್ತದೆ. ಒಬ್ಬರ ಬೆಲೆ ಇನ್ನೊಬ್ಬರ ಭಯದಲ್ಲಿದೆ. ಆಟ ನಿಂತಾಗ ಇಬ್ಬರನ್ನೂ ಕರೆದು ಕೇಳಿದೆ.

"ಇವಳು ನುಗ್ತಾಳೆ ಅಂತ ಅವ್ರು ಹೆದರ್ತಾರಲ್ಲ ಮೇಷ್ಟ್ರಮ್ಮ, ಅದ್ಕೇ ನನಗೆ ಎಸ್ಯೋಕೆ ಒಂದು ಉಸಿರು ಸಿಗೋದು," ಎಂದ ಬೈರಣ್ಣ.

"ಇವನು ಕೈ ಎತ್ತೋದ್ರಿಂದ್ಲೇ ನನಗೆ ಸಂದಿ ಸಿಗೋದು," ಎಂದಳು ಗಂಗುಲಮ್ಮ. "ಆದ್ರೆ ಬೀಳೋಳು ನಾನು, ಹಲ್ಲು ಬಿಡೋನು ಇವನು."

ಮೂವರೂ ನಕ್ಕೆವು. ಇಬ್ಬರ ಬೆಲೆಯೂ ಸಮ, ಸೂರು ಇದ್ದ ಹಾಗೇ ಇರಲಿ ಎಂದು ತೀರ್ಪನ್ನು ಮನಸ್ಸಿನಲ್ಲೇ ಬರೆದುಕೊಂಡು ಎದ್ದೆ. ಹೊರಡುವಾಗ ಹಿಂದಿನ ಮೆಟ್ಟಿಲಲ್ಲಿ ಗಂಗುಲಮ್ಮ ಇಳಿಯುತ್ತಿದ್ದಳು. ಗೋಡೆಗೆ ಅಂಗೈ ಊರಿ, ಅಡ್ಡಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು. ಇಪ್ಪತ್ತನಾಲ್ಕರ ಹುಡುಗಿ. ನನ್ನನ್ನು ಕಂಡದ್ದೇ ನೆಟ್ಟಗಾಗಿ ಕೊನೆಯ ಮೆಟ್ಟಿಲುಗಳನ್ನು ಹಾರಿದಳು. ನೆಲ ಮುಟ್ಟಿದಾಗ ಅವಳ ತುಟಿ ಬಿಳುಪಾಯಿತು.

ಬರುವ ದಾರಿಯಲ್ಲಿ ಮುನಿಶಾಮಿ ಸಿಕ್ಕಿದ. ಗಂಗುಲಮ್ಮನಿಗೆ ಮುಂಚೆ ನುಗ್ಗುತ್ತಿದ್ದವರು ಯಾರೆಂದು ಕೇಳಿದೆ. "ಅದೇ... ಎತ್ತರಕ್ಕಿದ್ಲಲ್ಲಕ್ಕ," ಎಂದು ತಲೆ ಕೆರೆದುಕೊಂಡ. ಹೆಸರು ಬರಲಿಲ್ಲ. ಹಳೆಯ ಎಸೆಗಾರರೆಲ್ಲ ಅವನಿಗೆ ಗೊತ್ತು. ಅವರಲ್ಲಿ ಒಬ್ಬ ಈಗ ತರಬೇತಿ ಕೊಡುತ್ತಾನೆ, ಒಬ್ಬ ನಲವತ್ತು ದಾಟಿಯೂ ಆಡಿದ. ನುಗ್ಗುವವರು ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತಾರೆ. ನುಗ್ಗುವವಳೇ ದೊಡ್ಡವಳು ಎಂದು ಕೂಗುವವರು, ನನ್ನನ್ನೂ ಸೇರಿಸಿ, ಅವಳನ್ನು ಸವೆಸುವವರೇ ಆಗಿದ್ದೇವೆ. ನಮಗೆ ಅವಳ ಮೇಲೆ ಅಷ್ಟು ಪ್ರೀತಿ ಇರುವುದರಿಂದಲೇ ಚೆಂಡು ಮತ್ತೆ ಮತ್ತೆ ಅವಳ ಹೊಟ್ಟೆಗೆ ಹೋಗುತ್ತದೆ.

ನಿನ್ನೆ ಸಂಜೆ ಅವಳೇ ಮನೆಗೆ ಬಂದಳು. ಸೂರು ಎತ್ತರಿಸಿರೆಂದು ಅಮ್ಮ ನನಗೆ ಏನಾದರೂ ಹೇಳಿಕೊಟ್ಟಿದ್ದಾಳೆಯೇ ಎಂದು ವಿಚಾರಿಸಿದಳು. ಇಲ್ಲವೆಂದೆ, ಅದು ನಿಜ. "ಸೂರು ಎತ್ತರಿಸಿದ್ರೆ ನಾನು ಮೂಲೇಲಿ ನಿಂತ್ಕೊಂಡು ಚಪ್ಪಾಳೆ ಹೊಡೀಲಾ ಮೇಷ್ಟ್ರಮ್ಮ? ನನ್ನ ಮಂಡಿ ನಂದು. ಮುರ್ಕೊಂಡ್ರೆ ನಾನು ಮುರ್ಕೊಂತೀನಿ. ಆ ಚೆಂಡು ಕೈಗೆ ಬಂದಾಗ ಏನಾಗ್ತದೆ ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?" ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಅವಳು ಹೋದ ಮೇಲೆ ಆ ಮಾತನ್ನು ಬಹಳ ಹೊತ್ತು ತಿರುಗಿಸಿ ನೋಡಿದೆ. ಮಂಡಿ ಅವಳದು, ಸರಿ. ಸೂರು ಊರಿನದು. ತಗ್ಗು ಸೂರಿನ ಕೆಳಗೆ ಬೈರಣ್ಣನಿಗೆ ಬೇರೆ ದಾರಿಯಿಲ್ಲ, ಅವಳಿಗೆ ಒಲ್ಲೆ ಎನ್ನುವ ಜಾಗವಿಲ್ಲ. ಎತ್ತರದ ಸೂರಿನ ಕೆಳಗೆ ಅವಳು ನುಗ್ಗಬಹುದು, ನುಗ್ಗದೆಯೂ ಇರಬಹುದು. ಇದು ಅವಳಿಗೆ ನಷ್ಟವಲ್ಲವೆಂದು ನಾನು ಹೇಳುವುದಿಲ್ಲ. ಅವಳ ಅತಿ ದೊಡ್ಡ ಸುಖವನ್ನು ಕಿತ್ತುಕೊಳ್ಳುತ್ತಿದ್ದೇನೆ; ನಾನು ಮಾಡುತ್ತಿರುವುದು ತಪ್ಪೂ ಆಗಿರಬಹುದು. ಸೂರು ಎತ್ತರವಾಗಲಿ ಎಂದು ಬರೆದು ಸಹಿ ಹಾಕಿದ್ದೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ದೊಡ್ಡ ಬಯಲುಗಳಲ್ಲಿ, ಸೂರೇ ಇಲ್ಲದ ಆಕಾಶದ ಕೆಳಗೆ, ಈ ಆಟ ನಡೆಯುವಾಗ ಚೆಂಡು ನೆಲಕ್ಕೆ ಬಿದ್ದ ಮೇಲೂ ಸ್ವಲ್ಪ ಹೊತ್ತು ನೋಡಿ. ಬಿದ್ದವನು ಹೇಗೆ ಏಳುತ್ತಾನೆ, ಯಾವ ಕೈ ಊರುತ್ತಾನೆ ಎಂಬುದನ್ನು ಗಮನಿಸಿ. ಯಾರ ಬೆಲೆ ಎಷ್ಟೆಂದು ಆಮೇಲೆ ಜಗಳವಾಡಿ. ನಮಗಿಂತ ನಿಮಗೆ ಬೆಳಕು ಹೆಚ್ಚಿದೆ.

ಇಷ್ಟು ಬರೆಯುವಷ್ಟರಲ್ಲಿ ಅಕ್ಕಯ್ಯಮ್ಮ ಒಣಗಿದ ಸೀರೆ ಮಡಿಸಿಕೊಂಡು ಬಾಗಿಲಿಗೆ ಬಂದಳು. ಬೆಳಗ್ಗೆ ಧ್ವನಿವರ್ಧಕದಲ್ಲಿ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ತೀರ್ಪು ಹೇಳಿದೆ. ಗಂಗುಲಮ್ಮ ಇನ್ನು ಮೇಲೆ ನನ್ನನ್ನು ಮಾತಾಡಿಸುವುದಿಲ್ಲವೇನೋ ಎಂದೂ ಹೇಳಿದೆ. ಅವಳು ಹೊಸ್ತಿಲಾಚೆಯೇ ನಿಂತು, ಸೀರೆಯನ್ನು ಇನ್ನೊಂದು ಮಡಿಕೆ ಮಡಿಸಿದಳು.

"ಮಾತಾಡ್ಸಲ್ಲ ಬಿಡಮ್ಮ, ನನ್ ಮಗಳು ನನಗೆ ಗೊತ್ತಿಲ್ವಾ? ನಿನ್ನ ಬಾಗ್ಲ ಮುಂದೆ ಮಕ ತಿರುಗಿಸ್ಕೊಂಡೇ ಹೋಗ್ತಾಳೆ. ಹೋಗ್ಲಿ. ನಡ್ಕೊಂಡು ತಾನೇ ಹೋಗೋದು."